ಸ್ನೋಬ್ಲೋವರಿನ ಗೇರು ಸ್ತಂಭನ: ಒಂದು ಮೀಮಾಂಸೆ

ತನ್ನ ಮೇಲೆ ಹಾಯ್ದುಹೋಗುವ ಶೀತವಾಯುವಿಗೆ ಈರೀ ಸರೋವರವು ತೇವವನ್ನು ಧಾರಾಳವಾಗಿ ದಾನಮಾಡಲು, ಆ ದಾನದ ಫಲವನ್ನು ಆಳೆತ್ತರದ ಹಿಮದ ರೂಪದಲ್ಲಿ ಅನುಭವಿಸುವ ಬಫಲೋ ನಗರದ ಗೃಹಸ್ಥರಲ್ಲಿ ಪ್ರತಿ ಶಿಶಿರದಲ್ಲಿಯೂ ಒಂದು ಘನವಾದ ಜಿಜ್ಞಾಸೆ ತಲೆದೋರುವುದುಂಟು: ಹಿಮವನ್ನೆತ್ತಿ ಎಸೆಯುವ ಸ್ನೋಬ್ಲೋವರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡು, ಹಿಂದಕ್ಕೂ ಬಾರದೆ ವೇಗವನ್ನೂ ಬದಲಿಸದೆ ಮೊಂಡುಬಿದ್ದರೆ, ದೋಷಕ್ಕೆ ಅಧಿಷ್ಠಾನವು ಯಾವುದು?

ಯಂತ್ರದ ವಂಶಾವಳಿಯನ್ನು ವಿಸ್ತರಿಸುವುದಿಲ್ಲ. ಕ್ವಿಬೆಕ್ಕಿನ ಆರ್ಥರ್ ಸಿಕಾರ್ ಎಂಬಾತನು 1925ರಲ್ಲಿ ಇದರ ಮೂಲಪುರುಷನನ್ನು ನಿರ್ಮಿಸಿದನೆಂದೂ, 1927ರಲ್ಲಿ ಮಾಂಟ್ರಿಯಲ್ಲಿನ ಬಳಿಯ ಊಟ್ರಮಾಂ ಪುರಸಭೆಯು ಅದನ್ನು ಕೊಂಡಿತೆಂದೂ ತಿಳಿದರೆ ಸಾಕು.

ಪೂರ್ವಪಕ್ಷದಲ್ಲಿ ಮೂರು ಮತಗಳಿವೆ. ಲಿವರನ್ನು ಎರಡು ಕೈಗಳಿಂದಲೂ ಜಗ್ಗತಕ್ಕದ್ದೆಂಬ ಬಲವಾದಿಗಳು ಸರಳನ್ನು ಬಗ್ಗಿಸಿ ವಾದವನ್ನು ಮುಗಿಸುತ್ತಾರೆ. ಕೀಲಿನಲ್ಲಿ ನೀರು ಹೆಪ್ಪುಗಟ್ಟಿದೆಯೆನ್ನುವ ಉಷ್ಣವಾದಿಗಳ ಮಾತಿನಲ್ಲಿ ಸತ್ಯಾಂಶವಿದೆ. ಬೆಚ್ಚನೆಯ ಗ್ಯಾರೇಜಿನಲ್ಲಿ ಒಂದಿರುಳು ಕಳೆದ ಯಂತ್ರವು ತಾನಾಗಿಯೇ ಸರಿಹೋದರೆ ಅವರಿಗೆ ಜಯಪತ್ರವನ್ನು ಕೊಡಬಹುದು. ಇವರಿಬ್ಬರಿಗಿಂತಲೂ ಭಯಂಕರರು ತೈಲವಾದಿಗಳು. ಕಂಡಕಂಡ ಸಂದಿಗೆಲ್ಲ ಎಣ್ಣೆಯನ್ನು ಸಿಂಪಡಿಸುವ ಇವರ ಅನುಗ್ರಹದಿಂದ ಲಿವರು ಬೆಣ್ಣೆಯಂತೆ ಎಲ್ಲ ಗೇರುಗಳಲ್ಲಿಯೂ ಓಡಾಡುವುದು. ಯಂತ್ರವು ಮಾತ್ರ ಯಾವ ಗೇರಿನಲ್ಲಿಯೂ ಕದಲದು!

ಇದರ ರಹಸ್ಯವು ಸಿದ್ಧಾಂತದಲ್ಲಿದೆ. ಈ ಜಾತಿಯ ಬಹುತೇಕ ಯಂತ್ರಗಳಲ್ಲಿ ವೇಗವನ್ನು ಬದಲಿಸುವುದಕ್ಕೆ ಗೇರೆಂಬ ಪದಾರ್ಥವೇ ಇಲ್ಲ. ಇಲ್ಲದ ಗೇರು ಸಿಕ್ಕಿಕೊಂಡಿತೆಂದು ನಾವು ಗೋಳಾಡುತ್ತಿರುವುದನ್ನು ಕಂಡರೆ ಮಾಯಾವಾದಿಗಳಿಗೆ ಪರಮಾನಂದವಾದೀತು. ಇಂಜಿನ್ನು ತಿರುಗಿಸುವ ಲೋಹದ ತಟ್ಟೆಯೊಂದುಂಟು; ಅದರ ಮುಖಕ್ಕೆ ರಬ್ಬರಿನ ಅಂಚುಳ್ಳ ಚಕ್ರವೊಂದು ಅಡ್ಡಲಾಗಿ ಒತ್ತಿಕೊಂಡು ಉರುಳುವುದು. ಚಕ್ರವು ತಟ್ಟೆಯ ನಡುವಿನ ಹತ್ತಿರವಿದ್ದರೆ ಮಂದಗತಿ, ಅಂಚಿನತ್ತ ಸರಿದರೆ ಶೀಘ್ರಗತಿ, ನಡುವನ್ನು ದಾಟಿ ಆಚೆಗೆ ಹೋದರೆ ಹಿಮ್ಮುಖಗತಿ. ಹೀಗೆ ಸರಿದಾಡಲು ಚಕ್ರಕ್ಕೆ ಆಧಾರವಾಗಿರುವ ಷಟ್ಕೋನ ದಂಡಕ್ಕೆ ತುಕ್ಕು ಹಿಡಿಯುವುದೇ ಸ್ತಂಭನಕ್ಕೆ ಪ್ರಾಯಿಕವಾದ ಕಾರಣವು. ರಬ್ಬರಿಗೆ ಎಣ್ಣೆ ತಗುಲಿದರೆ ಘರ್ಷಣೆಯು ಅಳಿದು, ತೈಲವಾದಿಗಳು ಬಯಸಿದ ಮೋಕ್ಷವು ಪ್ರಾಪ್ತವಾಗುವುದು. ಓಡಿಸುವ ಹಿಡಿಯನ್ನು ಒತ್ತಿಕೊಂಡೇ ಗೇರು ಬದಲಿಸಹೊರಡುವವರ ಗತಿಯನ್ನು ಹೇಳುವುದೇ ಬೇಡ. ತಟ್ಟೆಗೆ ಒತ್ತಿದ ಚಕ್ರವು ಸರಿಯುವುದಾದರೂ ಹೇಗೆ?

ಪರೀಕ್ಷೆಗೆ ನಮ್ಮ ತಾರ್ಕಿಕರ ಅನ್ವಯ ವ್ಯತಿರೇಕಗಳೇ ಸಾಕು. ತಣ್ಣಗಾದ ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ, ಪೆಟ್ರೋಲನ್ನು ಬಸಿದು, ಯಂತ್ರವನ್ನು ಮೂತಿಯ ಮೇಲೆ ನಿಲ್ಲಿಸಿ ತಳದ ತಗಡನ್ನು ತೆಗೆಯತಕ್ಕದ್ದು. ಬಳಿಕ ಲಿವರಿನಿಂದ ಸರಳನ್ನು ಬಿಡಿಸಿದಾಗ, ಲಿವರು ಸಲೀಸಾಗಿ ಆಡಿ ಚಕ್ರವು ಕದಲದಿದ್ದರೆ ದಂಡವು ದೋಷಿ; ಚಕ್ರವು ಕೈಗೆ ಸರಿದು ಲಿವರು ಕದಲದಿದ್ದರೆ ಲಿವರಿನ ಕೀಲೇ ದೋಷಿ. ದಂಡದ ತುಕ್ಕನ್ನು ತಂತಿಬ್ರಷ್ಷಿನಿಂದ ಉಜ್ಜಿ, ಗ್ರೀಸನ್ನು ಲೋಭಿಯ ಕೈಯಿಂದ ಸವರಿ, ರಬ್ಬರನ್ನೂ ತಟ್ಟೆಯನ್ನೂ ಒಣಬಟ್ಟೆಯಿಂದ ಒರಸಿದರೆ ಚಿಕಿತ್ಸೆಯು ಮುಗಿಯಿತು.

ಆ ಸೀಮೆಯಲ್ಲಿ ನೆಲೆಸಿರುವ ಕನ್ನಡಿಗರು ಇದನ್ನೆಲ್ಲ ಜೂನ್ ತಿಂಗಳಲ್ಲಿಯೇ ಮಾಡಿ ಮುಗಿಸಬೇಕೆಂದು ಪ್ರಾರ್ಥನೆ. ಮೊದಲ ಹಿಮ ಬಿದ್ದ ಮರುದಿನ ರಿಪೇರಿ ಅಂಗಡಿಯ ಬಾಗಿಲಿನಲ್ಲಿ ಮೂರು ಮತದವರೂ ಸಾಲುಗಟ್ಟಿ ನಿಂತಿರುತ್ತಾರೆ.