ಚಾಮರಾಜಪೇಟೆಯಲ್ಲಿ ಕಳೆದ ಎರಡು ಮಾತ್ರೆ, ಮಲ್ಲೇಶ್ವರದಲ್ಲಿ ಒಂದು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಸ್ವರಗಳು ಹಾಡಹಗಲೇ ಕಾಣೆಯಾಗುತ್ತಿರುವ ವಿಚಾರವಾಗಿ ಈ ಪ್ರಬಂಧ. ಕ್ಷೇತ್ರಕಾರ್ಯ ನಡೆದದ್ದು ಬಸ್ಸಿನ ಫುಟ್‌ಬೋರ್ಡಿನ ಮೇಲೆ.

ಕಂಡಕ್ಟರು 'ಬಸ್ವನ್ಗುಡಿ, ಬಸ್ವನ್ಗುಡಿ' ಎಂದು ಕೂಗಿದೊಡನೆ ಟಿಕೆಟ್ಟಿನ ಬೆನ್ನಿಗೆ ಪ್ರಸ್ತಾರ ಹಾಕಿದೆ. ಪುಸ್ತಕದ 'ಬಸವನಗುಡಿ'ಗೆ ಆರು ಅಕ್ಷರ, ಆರೂ ಲಘು, ಆರು ಮಾತ್ರೆ. ಕಂಡಕ್ಟರದಕ್ಕೆ ನಾಲ್ಕೇ ಅಕ್ಷರ. ಆದರೆ ಒತ್ತಕ್ಷರದ ಹಿಂದಿನದು ಗುರು ಎಂಬ ಹೈಸ್ಕೂಲು ಪಾಠದಂತೆ ಗುರು, ಗುರು, ಲಘು, ಲಘು. ಮತ್ತೆ ಆರೇ! ಎರಡು ಸ್ವರ ನುಂಗಿಯೂ ಛಂದಸ್ಸು ಕೆಡಿಸದ ಇವರಿಗೆ ನಾನು ಚಿಲ್ಲರೆ ಕೇಳಲಿಲ್ಲ.

ಮಲ್ಲೇಶ್ವರಂ 'ಮಲ್ಲೇಶ್ರಂ' ಆದಾಗ ಏಳಿದ್ದದ್ದು ಆರಾಗುತ್ತದೆ. ಚಾಮರಾಜಪೇಟೆಯ ಸ್ಥಿತಿ ಇನ್ನೂ ಶೋಚನೀಯ: ಒಂಬತ್ತು ಮಾತ್ರೆ 'ಚಾಮ್ರಾಜ್ಪೇಟೆ'ಯಲ್ಲಿ ಏಳಕ್ಕಿಳಿಯುತ್ತದೆ. 'ಚಾ', 'ರಾ' ಮೊದಲೇ ಗುರುಗಳು. ಮುಂದೆ ಎಂಥ ಒತ್ತಕ್ಷರ ಬಂದು ಕೂತರೂ ಗುರುವಿಗೆ ಮೇಲಿನ ಬಡ್ತಿ ಇಲ್ಲ. ಇದೆಲ್ಲ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಬಾಗಿಲಲ್ಲೇ ನಡೆಯುತ್ತಿದೆ.

ಹಾಗಾದರೆ ಆ ಮೂರು ಮಾತ್ರೆ ಹೋದವೆಲ್ಲಿಗೆ? ಔಷಧಿ ಅಂಗಡಿಯಲ್ಲಿ ವಿಚಾರಿಸಿದೆ. "ಡಾಕ್ಟರ್ ಚೀಟಿ ತಂದಿದೀರಾ ಸಾರ್?" ಎಂದರು. ಇದು ಪೂರ್ವಪಕ್ಷ. ಸಿದ್ಧಾಂತ ಹೀಗಿದೆ: ವ್ಯಂಜನಕ್ಕೇ ಮುಗಿಯುವ ಇಂಗ್ಲಿಷ್ ಪದವನ್ನು ಕನ್ನಡದ ನಾಲಿಗೆ ಬರಿಮೈಯಲ್ಲಿ ಬೀದಿಗೆ ಬಿಡುವುದಿಲ್ಲ, ಒಂದು ಉಕಾರ ಹೊದಿಸುತ್ತದೆ. ಬಸ್ ಬಸ್ಸು, ಕಾರ್ ಕಾರು, ರೋಡ್ ರೋಡು. ತಲಾ ಎರಡಿದ್ದದ್ದು ಮೂರು. ಲೋಪ ಮೂರು, ಆಗಮ ಮೂರು, ಲೆಕ್ಕ ಚುಕ್ತಾ. ಜಪಾನಿಯರೂ 'ಬಸು' ಎನ್ನುತ್ತಾರೆ, ಆದರೆ ಸಕಾರಕ್ಕೆ ಒತ್ತು ಕೊಡದೆ ಎರಡೇ ಮಾತ್ರೆಯಲ್ಲಿ ಮುಗಿಸಿಬಿಡುವ ಜಿಪುಣರು. ಶಬ್ದಮಣಿದರ್ಪಣದ ಕೇಶಿರಾಜನ 13ನೇ ಶತಮಾನದಲ್ಲಿ ಬಸ್ಸಿರಲಿಲ್ಲ. ಇದ್ದಿದ್ದರೆ ನನಗೇನು ಉಳಿಯುತ್ತಿತ್ತು?

ಇಷ್ಟಾಗಿ ನೆಮ್ಮದಿಯಾಗಿದ್ದಾಗ ಪಕ್ಕದ ಸೀಟಿನ ಅಜ್ಜಿ, "ಇಸ್ಕೂಲು ಬಂತೇನಪ್ಪಾ?" ಎಂದರು. ಹಿಂದೊಂದು ಉಕಾರ ಸಾಲದೆಂದು ಮುಂದೊಂದು ಇಕಾರ! ಸ್ಪೇನಿನವರೂ ಶಾಲೆಗೆ 'ಎಸ್ಕ್ವೇಲಾ' ಎನ್ನುವುದರಿಂದ ಅಜ್ಜಿಯ ಪಕ್ಷ ಬಲವಾಗಿದೆ. ಆದರೆ ಎರಡು ಮಾತ್ರೆಯ ಸ್ಕೂಲ್ ಐದಾಯಿತು, ನನ್ನ ತಲೆಗೆ ಮೂರು ಸಾಲ ಬಿತ್ತು. ಗಾಂಧಿ ಬಜಾರಿನ ಮಸಾಲೆದೋಸೆ 'ಮಸಾಲ್ದೋಸೆ'ಯಾಗಿ ಒಂದನ್ನು ತೀರಿಸಿದೆ. ಇನ್ನೆರಡು ಬಾಕಿ. ಸ್ವರ ಉದುರಿದ ಪದಗಳು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಕೊಡಿ, ಒತ್ತಕ್ಷರದ ಹಿಂದಿನದು ಮೊದಲೇ ಗುರುವಾಗಿದ್ದರೆ ಮಾತ್ರ.