ಭಾನುವಾರದ ನಳಮಹಾರಾಜ

ಹೆಣ್ಣು ಗಂಡು ಸಮಾನ ಅನ್ನುವ ವಿಷಯದಲ್ಲಿ ನನ್ನ ಷಡ್ಡಕರಷ್ಟು ಮುಂದುವರಿದ ಗಂಡಸು ನಮ್ಮ ಬಳಗದಲ್ಲೇ ಇಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವರದೇ.

ಪ್ರತಿ ಭಾನುವಾರ ಅವರ ಮನೆಯಲ್ಲಿ ಅವರದೇ ಅಡುಗೆ. ಮಾಡಿಕೊಂಡು ಉಂಡಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಏಪ್ರನ್ ತೊಟ್ಟು ಸೌಟು ಹಿಡಿದ ಫೋಟೊ ಬರುತ್ತದೆ. ಕೆಳಗೆ ನಮ್ಮತ್ತೆಯ ಆಶೀರ್ವಾದ, ಚಿಕ್ಕಮ್ಮಂದಿರ ಚಪ್ಪಾಳೆ. ನನ್ನ ಹೆಂಡತಿ ಏನೂ ಹೇಳುವುದಿಲ್ಲ. ಮೊಬೈಲನ್ನು ನನ್ನ ಕಾಫಿ ಲೋಟದ ಪಕ್ಕ ಇಟ್ಟು ಒಳಗೆ ಹೋಗುತ್ತಾಳೆ.

ಯುಗಾದಿ ಕಳೆದ ಭಾನುವಾರ ಮೈಸೂರಿಗೆ ಕರೆದು ಬಿಸಿಬೇಳೆ ಬಾತ್ ಮಾಡಿ ಬಡಿಸಿದರು. ಹನ್ನೊಂದಕ್ಕೆ ಅಡುಗೆಮನೆ ಪ್ರವೇಶ. ಅಷ್ಟು ಹೊತ್ತಿಗೆ ನನ್ನ ನಾದಿನಿ ಹುಣಸೆಹಣ್ಣು ನೆನೆಹಾಕಿ, ಬೇಳೆ ಕೂಗಿಸಿ, ಹುರುಳಿಕಾಯಿಯ ನಾರು ತೆಗೆದು, ಬಟಾಣಿ ಬಿಡಿಸಿ, ಕೊಬ್ಬರಿ ತುರಿದು ಸಾಲಾಗಿ ಜೋಡಿಸಿಟ್ಟಿದ್ದಳು. ಮರಾಠಿಮೊಗ್ಗು, ಚಕ್ಕೆ ಹುರಿದು ಪುಡಿ ಮಾಡಿಟ್ಟದ್ದೂ ಅವಳೇ. ಷಡ್ಡಕರು ತೋಳು ಮಡಿಚಿ ಒಲೆ ಹಚ್ಚಿದರು. ಶುರುವಾಯಿತು.

"ಲೇ, ಇಂಗೆಲ್ಲೇ?"

"ಮೇಲಿನ ಗೂಡಿನಲ್ಲಿ, ಎಡಗಡೆ ರೀ."

"ಸಾಸಿವೆ?"

"ನಿಮ್ಮ ಮೂಗಿನ ಮುಂದೆ."

"ಬೆಲ್ಲ ನೀನು ಹಾಕಿದ್ದೀಯೋ, ನಾನು ಹಾಕ್ಬೇಕೋ?"

ಆ ಮನೆ ಅವರೇ ಸಾಲ ಮಾಡಿ ಕಟ್ಟಿಸಿದ್ದು. ಗೃಹಪ್ರವೇಶವಾಗಿ ಹದಿನಾಲ್ಕು ವರ್ಷವಾಯಿತು. ಅಡುಗೆಮನೆ ಆಗ್ನೇಯಕ್ಕೇ ಬರಬೇಕೆಂದು ಮೇಸ್ತ್ರಿಯ ಹತ್ತಿರ ಜಗಳವಾಡಿ ಗೋಡೆ ಒಡೆಸಿದವರು. ಆಗ್ನೇಯ ಗೊತ್ತು, ಇಂಗು ಗೊತ್ತಿಲ್ಲ.

ಬಾತ್ ಚೆನ್ನಾಗಿತ್ತು. ಹಾಗೆಂದು ಹೇಳಿದೆ, ಹೇಳದಿದ್ದರೆ ಎರಡನೇ ಸಲ ಬಡಿಸುವುದಿಲ್ಲ. ಊಟವಾದ ಮೇಲೆ ಷಡ್ಡಕರು ದಿವಾನದ ಮೇಲೆ ಒರಗಿ, "ಹೆಂಗಸರ ಕಷ್ಟ ಏನೂಂತ ಒಲೆ ಮುಂದೆ ನಿಂತೋರಿಗೇ ಗೊತ್ತು ಭಾವ" ಎಂದು ನಿಟ್ಟುಸಿರಿಟ್ಟರು. ಒಳಗಿನಿಂದ ತಳ ಹಿಡಿದ ಪಾತ್ರೆ ಕೆರೆಯುವ ಸದ್ದು ಬರುತ್ತಿತ್ತು. "ಸ್ವಲ್ಪ ಬಾಗಿಲು ಮುಂದೆ ಮಾಡ್ಕೊಳ್ಳೇ, ಮಾತು ಕೇಳಿಸ್ತಿಲ್ಲ" ಎಂದರು. ನಡೆಯುತ್ತಿದ್ದ ಮಾತು ಸಮಾನತೆಯದೇ.

ಅಂಕಿಅಂಶವೆಲ್ಲ ಅವರ ನಾಲಿಗೆ ತುದಿಯಲ್ಲಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ, ಮಾಡುವ ಗಂಡಸರು ಕೊಡುವುದು 88 ನಿಮಿಷ. 2019ರಲ್ಲಿ ಇದೇ ಗಂಡಸರದು 97 ನಿಮಿಷವಿತ್ತು. "ನೋಡಿ, ಒಂಬತ್ತು ನಿಮಿಷ ಇಳಿದುಹೋಗಿದೆ. ನಾನೊಬ್ಬ ಎಷ್ಟೂಂತ ಎತ್ತಿ ಹಿಡೀಲಿ?" ಎಂದು ಮರುಗುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ಕಾಯಿದೆ ಕರ್ನಾಟಕದಲ್ಲಿ 1994ರಲ್ಲೇ ಬಂತು, ಕೇಂದ್ರಕ್ಕೆ ಬುದ್ಧಿ ಬಂದದ್ದು 2005ರಲ್ಲಿ ಎಂದು ಹೆಮ್ಮೆಯಿಂದ ಹೇಳುವವರೂ ಅವರೇ. ಅವರ ತಂಗಿ ಅರಿಶಿನ ಕುಂಕುಮದ ಜೊತೆ ಒಂದು ರೇಷ್ಮೆ ಸೀರೆ ಇಸಿದುಕೊಂಡು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದು ಬೇರೆ ವಿಷಯ.

ಹಾಗಂತ ಕೆಟ್ಟವರಲ್ಲ. ನಮ್ಮತ್ತೆ ಆಸ್ಪತ್ರೆ ಸೇರಿದಾಗ ರಾತ್ರಿಯೆಲ್ಲ ವಾರ್ಡಿನ ಬೆಂಚಿನ ಮೇಲೆ ಕಳೆದವರು ಅವರು. ನಾನು ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತಂದವನು, ಅದೂ ಹೋಟೆಲಿನದು. ಮಗಳಿಗೆ ಸ್ಕೂಟರ್ ಕಲಿಸಿ, ಪಂಕ್ಚರ್ ಹಾಕುವುದನ್ನೂ ಕಲಿಸಿದ್ದಾರೆ. "ಹುಡುಗಿ ಕಣೋ, ಯಾಕೆ ಇದೆಲ್ಲ" ಎಂದ ನೆಂಟರಿಗೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟಿದ್ದಾರೆ. ಇಂಥವರನ್ನು ಪೂರ್ತಿ ಬೈಯಲೂ ಆಗುವುದಿಲ್ಲ.

ಗಂಡಸಿಗೆ ಅಡುಗೆಮನೆ ಹೊಸದೇನಲ್ಲ. ನಳಪಾಕ, ಭೀಮಪಾಕ ಅನ್ನುತ್ತೇವೆಯೇ ಹೊರತು ದಮಯಂತಿಪಾಕ ಅಂದದ್ದು ಕೇಳಿಲ್ಲ. ವಿರಾಟನ ಅರಮನೆಯಲ್ಲಿ ಭೀಮ ವಲಲನಾಗಿ ಅಡುಗೆ ಮಾಡಿದ. ಆ ಪಾತ್ರೆಗಳನ್ನು ಬೆಳಗಿದವರು ಯಾರೆಂದು ಯಾವ ಹರಿಕಥೆ ದಾಸರೂ ಹೇಳಿಲ್ಲ. ಮದುವೆಮನೆಯ ಭಟ್ಟರು, ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುವವರು, ಹೆಚ್ಚೂಕಡಿಮೆ ಎಲ್ಲ ಗಂಡಸರೇ. ಕೈಗೆ ದುಡ್ಡು ಬರುವ ಕಡೆ ಸಾಸಿವೆ ಡಬ್ಬಿ ತಾನಾಗಿ ಕಣ್ಣಿಗೆ ಬೀಳುತ್ತದೆ.

ನಮ್ಮಪ್ಪನಿಗೂ ಅಡುಗೆ ಬರುತ್ತಿತ್ತು. ಅಮ್ಮ ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದ ಕಾಲ. ಆ ಪದ್ಧತಿಯಲ್ಲಿ ಹೊಗಳುವಂಥದ್ದು ಏನೂ ಇರಲಿಲ್ಲ. ಆದರೆ ಆ ಮೂರು ದಿನ ಅಪ್ಪ ಅನ್ನ ಸಾರು ಮಾಡಿ, ನಮಗೆಲ್ಲ ಬಡಿಸಿ, ಪಾತ್ರೆ ತಿಕ್ಕಿ ಬೋರಲು ಹಾಕಿ, ಒಲೆ ಸಾರಿಸಿ ಕಚೇರಿಗೆ ಹೋಗುತ್ತಿದ್ದರು. ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಯಾರ ಹೊಗಳಿಕೆಗೂ ಕಾಯುತ್ತಿರಲಿಲ್ಲ. ನಾಲ್ಕನೆಯ ದಿನ ಅಮ್ಮ ಸ್ನಾನ ಮಾಡಿ ಒಳಗೆ ಬಂದಳೋ, ಕಲಿತ ವಿದ್ಯೆಯೆಲ್ಲ ಮರೆತುಹೋದವರ ಹಾಗೆ ಜಗಲಿಯಲ್ಲಿ ಪೇಪರ್ ಹಿಡಿದು, "ಕಾಫಿ ಆಯ್ತೇನೇ?" ಅನ್ನುತ್ತಿದ್ದರು. ಉಳಿದ ಇಪ್ಪತ್ತೇಳು ದಿನ ಆ ಕೈಗಳಿಗೆ ಏನಾಗುತ್ತಿತ್ತೋ!

ಮೊನ್ನೆ ಅಕ್ಕತಂಗಿಯರಿಬ್ಬರೂ ಶಕ್ತಿ ಯೋಜನೆಯ ಬಸ್ಸು ಹತ್ತಿ ಧರ್ಮಸ್ಥಳಕ್ಕೆ ಹೊರಟರು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಗಂಡಂದಿರ ಊಟದ ವ್ಯವಸ್ಥೆ ಯೋಜನೆಯಲ್ಲಿ ಸೇರಿಲ್ಲ. ಅಡುಗೆ ಬಲ್ಲ ಗಂಡಸಿನ ಆಸರೆ ಇರಲೆಂದು ನಾನು ಮೈಸೂರಿಗೆ ಹೋದೆ. ಷಡ್ಡಕರು ಒಲೆ ಹಚ್ಚಿ ಫೋನು ಹಚ್ಚಿದರು. ಘಟ್ಟದಲ್ಲಿ ನೆಟ್‌ವರ್ಕ್ ಇಲ್ಲ. ಇಲ್ಲವೋ, ಅವರೇ ಎತ್ತಲಿಲ್ಲವೋ. ಕೊನೆಗೆ ಷಡ್ಡಕರು ಎಲ್ಲ ಡಬ್ಬಿಗಳನ್ನೂ ಕೆಳಗಿಳಿಸಿ, ಒಂದೊಂದನ್ನೇ ಮೂಸಿ, ಧನಿಯ, ಜೀರಿಗೆ, ಮೆಂತ್ಯ ಎಂದು ಚೀಟಿ ಬರೆದು ಅಂಟಿಸಿದರು. ಮೂರು ಗಂಟೆಗೆ ಸಾರು ಅನ್ನ ಉಂಡೆವು. ಪಾತ್ರೆಯನ್ನೂ ಅವರೇ ತೊಳೆದರು. ಫೋಟೊ ತೆಗೆಯಲಿಲ್ಲ, ಆ ಅಡುಗೆಮನೆ ಫೋಟೊ ತೆಗೆಯುವ ಸ್ಥಿತಿಯಲ್ಲಿರಲಿಲ್ಲ.

ಪ್ರಸಾದದ ಚೀಲ ಹಿಡಿದು ಬಂದ ನಾದಿನಿ ಚೀಟಿಗಳನ್ನು ಒಂದೊಂದಾಗಿ ಓದಿ, "ಪರವಾಗಿಲ್ವೇ ರೀ! ಇನ್ನು ಇವು ಖಾಲಿಯಾದಾಗ ನೋಡಿ ತರಿಸೋದೂ ನಿಮ್ಮದೇ ತಾನೆ?" ಅಂದಳು.

"ಅದೇನು ಮಹಾ" ಎಂದು ಷಡ್ಡಕರು ಉತ್ಸಾಹದಿಂದ ಸಾಮಾನಿನ ಪಟ್ಟಿ ಬರೆಯಲು ಕೂತರು. ಮೊದಲ ಸಾಲಿನಲ್ಲಿ ಇಂಗು ಎಂದು ಬರೆದರು. ಆಮೇಲೆ ಪೆನ್ನು ನಿಂತಿತು.

"ಲೇ, ಇನ್ನೇನು ಬರೀಲೇ?"