ನಂದಿಗೆ ಇನ್ನೆರಡು ಗೇರು

ನಂದಿಬೆಟ್ಟದ ಬುಡ, ಭಾನುವಾರ ಬೆಳಗ್ಗೆ. ಪಂಕ್ಚರ್ ಅಂಗಡಿಯ ಯಜಮಾನರಿಗೆ ಬೆಂಗಳೂರಿನ ಸವಾರರ ಸೈಕಲ್ಲಿನ ಮೇಲೇ ಕಣ್ಣು.

"ಎಷ್ಟು ಗೇರು ಸಾರ್?"

"ಮುಂದೆ ಎರಡು, ಹಿಂದೆ ಹನ್ನೆರಡು. ಒಟ್ಟು 24! ಹಳೇದರಲ್ಲಿ 22 ಇತ್ತು, ಮಾರಿಬಿಟ್ಟೆ."

"ಯಾಕೆ, ಅದು ಬೆಟ್ಟ ಹತ್ತಲಿಲ್ವಾ?"

"ಹತ್ತಿತು. ಆದ್ರೆ ಗೇರು ಗೇರಿನ ಮಧ್ಯೆ ಅಂತರ ಜಾಸ್ತಿ, ಕಾಲಿನ ಲಯ ತಪ್ಪತ್ತೆ." (ಇದು ಸುಳ್ಳಲ್ಲ. ಪಂದ್ಯದಲ್ಲಿ ಸೈಕಲ್ ತುಳಿಯುವವರಿಗಂತೂ ನಿಜ.)

ಯಜಮಾನರು ಕುಕ್ಕರುಗಾಲಲ್ಲಿ ಕೂತು ಹಲ್ಲು ಎಣಿಸಿದರು. "ಮುಂದಿನ ಚಿಕ್ಕದು 34, ಹಿಂದೆ 17. ಒಂದು ಸುತ್ತು ತುಳಿದ್ರೆ ಗಾಲಿ ಎರಡು ಸುತ್ತು. ದೊಡ್ಡದರ 50ಕ್ಕೆ 24 ಹಾಕಿದ್ರೂ ಎರಡರ ಮೇಲೆ ಚೂರು. ಒಂದೇ ಮಾಲಿಗೆ ಎರಡು ಸಲ ಕಾಸು ಕೊಟ್ಟಿದೀರಲ್ಲ!"

"ಟೂರ್ ಡಿ ಫ್ರಾನ್ಸ್‌ನಲ್ಲೂ ಹೀಗೇ ಯಜಮಾನ್ರೇ."

"ಅಲ್ಲೂ 1937ರವರೆಗೆ ಗೇರು ಬದಲಿಸೋ ಡಿರೇಲರ್ ಬಿಡ್ತಿರಲಿಲ್ವಂತೆ, ಮೊಮ್ಮಗ ಓದಿ ಹೇಳ್ದ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆ ಗೂಡಿನ ಮೂಟೆ ಹೊತ್ತ ನಮ್ಮ ಸೈಕಲ್ಲಿಗೆ ಒಂದೇ ಗೇರು."

"ಏರು ಬಂದ್ರೆ?"

"ಇಳಿದು ತಳ್ಳೋದು. ಅದೇ ಎರಡನೇ ಗೇರು."

ಸವಾರರು ನಕ್ಕು ಹೊರಟರು. ಮೊದಲ ತಿರುವಿನಲ್ಲೇ ನಿಂತು ಗೇರಿನ ಲಿವರ್ ಒತ್ತಿದರು, ಮತ್ತೆ ಒತ್ತಿದರು, ಅಂಗಡಿಗೇ ವಾಪಸ್ ಬಂದರು.

"ಏನಾಯ್ತು ಸಾರ್?"

"ಬ್ಯಾಟರಿ ಖಾಲಿ. ನಿಮ್ಮಲ್ಲಿ ಚಾರ್ಜರ್ ಇದೆಯಾ?"

"ಗೇರಿಗೂ ಕರೆಂಟಾ? ಇರಿ ಸಾರ್, ಇಲ್ಲಿ ಹತ್ತು ಗಂಟೆಗೆ ಬರತ್ತೆ."